ತೊಗಲುಗೊಂಬೆ: ಚರ್ಮದಲ್ಲಿ ಬೆಳಕು ದಾಟುತ್ತಿಲ್ಲ, ಬಣ್ಣವೆಲ್ಲ ಕಪ್ಪಾಗಿ ಕಾಣುತ್ತಿದೆ

ದುರ್ಗದ ಡ್ರಾಯಿಂಗ್ ಮೇಷ್ಟ್ರು:
ಚಿತ್ರದುರ್ಗದ ಶಾಲೆಯೊಂದಕ್ಕೆ ತೊಗಲುಗೊಂಬೆ ಮಾಡಿಸುತ್ತಿದ್ದೇವೆ. ಚಳ್ಳಕೆರೆ ಕಡೆಯ ಕುರಿಚರ್ಮ. ಒಂದು ವಾರ ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿಯಾಗಿ ಎಳೆದು ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿದ್ದೇವೆ. ಕಾಗದದಂತೆ ಬೆಳ್ಳಗಾಗಿದೆ. ಪೋಸ್ಟರ್ ಕಲರ್ ಹಚ್ಚಿದರೆ ಪರದೆಯ ಮೇಲೆ ಬರೀ ಕಪ್ಪು ನೆರಳು. ಏನೇನು ಬದಲಿಸಬೇಕು?

ಹದಗಾರ:
ಮೇಷ್ಟ್ರೇ, ಮೊದಲು ಕುರಿ ಬಿಟ್ಟು ಮೇಕೆಗೆ ಬನ್ನಿ. ಕುರಿಚರ್ಮದಲ್ಲಿ ಕೊಬ್ಬು ಜಾಸ್ತಿ, ಒಣಗಿದ ಮೇಲೆ ಪದರ ಬಿಡುತ್ತದೆ. ಹಿಂದೆ ಜಿಂಕೆ ಚರ್ಮವನ್ನೂ ಬಳಸುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದರ ಮಾತೇ ಇಲ್ಲ.

ನೀವು ಮಾಡಿರುವುದು ಹಿಂದೆ ಕಾಗದದಂತೆ ಬರೆಯಲು ಬಳಸುತ್ತಿದ್ದ ಚರ್ಮದ (ಪಾರ್ಚ್‌ಮೆಂಟ್) ಹದ, ಗೊಂಬೆಯದಲ್ಲ. ಅತಿಯಾಗಿ ಎಳೆದು ಒಣಗಿಸಿದರೆ ನಾರುಗಳ ನಡುವೆ ಗಾಳಿ ಸೇರಿಕೊಳ್ಳುತ್ತದೆ, ಅಲ್ಲಿ ಬೆಳಕು ಚದುರಿ ಚರ್ಮ ಬಿಳಿಚುತ್ತದೆ. ಉಪ್ಪುಕಾಗದದ ಗೀರುಗಳೂ ಅದನ್ನೇ ಮಾಡುತ್ತವೆ. ಸುಣ್ಣ ಮೂರು ದಿನ ಸಾಕು. ಕೂದಲು ಕೈಗೆ ಬಂದ ಕೂಡಲೇ ತೆಗೆಯಿರಿ. ಒಳಮೈಯ ಮಾಂಸದ ಪೊರೆಯನ್ನು ಮೊಂಡು ಕತ್ತಿಯಿಂದ ಪೂರ್ತಿ ಹೆರೆಯಬೇಕು, ಉಳಿದಲ್ಲೆಲ್ಲ ಮಬ್ಬು ಕಲೆ ಬೀಳುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ನೀರು ಬದಲಿಸಿ. ಸುಣ್ಣ ಉಳಿದರೆ ಚರ್ಮ ಪೆಡಸಾಗಿ ಸೀಳುತ್ತದೆ. ಆಮೇಲೆ ಸುಕ್ಕು ಹೋಗುವಷ್ಟು ಮಾತ್ರ ಎಳೆದು, ಹಲಗೆಗೆ ಮೊಳೆ ಹೊಡೆದು ನೆರಳಲ್ಲಿ ಒಣಗಿಸಿ. ಚರ್ಮ ಹದ ಮಾಡಲು ಹಾಕುವ ತಂಗಡಿ ತೊಗಟೆಯಂಥ ಯಾವ ಚೊಗರೂ ಬೇಡ. ಹಾಗೆ ಚೊಗರು ಹಾಕಿ ಹದ ಮಾಡಿದ ಚರ್ಮ ಚಪ್ಪಲಿಗೆ ಸರಿ, ಗೊಂಬೆಗಲ್ಲ.

ಬಣ್ಣದ ಬಟ್ಟಲು:
ಪೋಸ್ಟರ್ ಕಲರ್‌ನಲ್ಲಿ ಬೆಳಕನ್ನು ತಡೆಯುವ ಪುಡಿ ಇರುತ್ತದೆ. ನಿಮಗೆ ಬೇಕಿರುವುದು ಕರಗುವ ಬಣ್ಣ. ಮೊಳಕಾಲ್ಮೂರು ನಿಮ್ಮ ಜಿಲ್ಲೆಯಲ್ಲೇ ಇದೆಯಲ್ಲ, ರೇಷ್ಮೆ ನೂಲಿಗೆ ಹಾಕುವ ಆಸಿಡ್ ಬಣ್ಣ ತನ್ನಿ. ರೇಷ್ಮೆಯಂತೆ ಚರ್ಮವೂ ಪ್ರೋಟೀನ್, ಚೆನ್ನಾಗಿ ಹಿಡಿಯುತ್ತದೆ. ಬಿಸಿನೀರಿನಲ್ಲಿ ಕರಗಿಸಿ, ಪೂರ್ತಿ ಆರಿಸಿ, ನಾಲ್ಕು ಹನಿ ವಿನೆಗರ್ ಹಾಕಿ ಎರಡೂ ಮೈಗೆ ಹಚ್ಚಿ. ಬಿಸಿಯಾಗಿ ಹಚ್ಚಬೇಡಿ: 60 ಡಿಗ್ರಿ ದಾಟಿದರೆ ಹಸಿಚರ್ಮ ಮುದುಡುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಕೆಂಪು, ಹಸಿರು, ಗೆರೆಗೆ ಕಪ್ಪು ಇಷ್ಟರಲ್ಲೇ ಗೊಂಬೆ ತುಂಬಿ ಬರುತ್ತದೆ.

ಒಡವೆಗೆ ಬಣ್ಣ ಬಳಿಯದೆ ತೂತು ಕೊರೆಯಿರಿ. ಕೆಳಗೆ ಮರದ ಕೊರಡು ಇಟ್ಟು, ಉಳಿಯನ್ನು ನೆಟ್ಟಗೆ ಹಿಡಿದು ಒಂದೇ ಪೆಟ್ಟು. ತೂತುಗಳ ನಡುವೆ 3 ಮಿ.ಮೀ. ಆದರೂ ಬಿಡಿ, ಇಲ್ಲದಿದ್ದರೆ ಸಾಲಾಗಿ ಹರಿಯುತ್ತದೆ. ಕಿರೀಟ, ಡಾಬು, ಸೀರೆಯಂಚು ಇವಕ್ಕೆ ಎಷ್ಟು ಹೊತ್ತು ಕೊಟ್ಟರೂ ದಂಡವಲ್ಲ.

ದುರ್ಗದ ಡ್ರಾಯಿಂಗ್ ಮೇಷ್ಟ್ರು:
ಧನ್ಯವಾದ ಇಬ್ಬರಿಗೂ. ದೀಪಕ್ಕೆ ಎಲ್‌ಇಡಿ ಫ್ಲಡ್‌ಲೈಟ್ ಇದೆ, ನಡೆಯುತ್ತದೆಯೇ?

ಪರದೆ ಹಿಂದೆ (ದಾವಣಗೆರೆ):
ಬೇಡ ಸರ್. ತಣ್ಣನೆಯ ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಅಂಶ ಕಡಿಮೆ, ನಿಮ್ಮ ಕೆಂಪೆಲ್ಲ ಮಂಕಾಗುತ್ತದೆ. 2700 ಕೆಲ್ವಿನ್‌ನ ಹಳದಿ ಬಲ್ಬ್ ಒಂದೇ ಒಂದು ಹಾಕಿ. ಎರಡಾದರೆ ನೆರಳೂ ಎರಡು. ಹಳೇ ನೂರು ವಾಟ್ ಬಲ್ಬಾದರೆ ಗೊಂಬೆಯಿಂದ ಎರಡು ಅಡಿ ದೂರವಿರಲಿ, ಕಾವಿಗೆ ಚರ್ಮ ಸುರುಳಿ ಸುತ್ತುತ್ತದೆ. ದುರ್ಗದ ಬೇಸಿಗೆಯ ಒಣಹವೆಗೂ ಅದೇ ಗತಿ, ಹಾಗಾಗಿ ಬಿದಿರು ಸೀಳಿ ಗೊಂಬೆಯನ್ನು ತಲೆಯಿಂದ ಕಾಲಿನವರೆಗೆ ನಡುವೆ ಕಚ್ಚಿಸಿ, ದಾರದಿಂದ ಬಿಗಿಯಿರಿ.

ಪರದೆಗೆ ತೆಳು ಬಿಳಿ ಪಂಚೆ ಸಾಕು. ಅದರ ಮೇಲಂಚು ನೋಡುವವರ ಕಡೆಗೆ ಸ್ವಲ್ಪ ವಾಲಿರಲಿ, ಆಗ ಗೊಂಬೆ ತಾನೇ ಬಟ್ಟೆಗೆ ಒರಗುತ್ತದೆ. ಒರಗಿದಾಗಲೇ ಬಣ್ಣ ನಿಚ್ಚಳ. ಒಂದು ಗೇಣು ಹಿಂದೆ ಸರಿದರೂ ಕಲಸಿಹೋಗುತ್ತದೆ. ರಾಕ್ಷಸನ ಪ್ರವೇಶಕ್ಕೆ ಮಾತ್ರ ಬೇಕೆಂದೇ ದೀಪದತ್ತ ಹಿಂದಕ್ಕೆ ಹಿಡಿದು, ದೊಡ್ಡ ಮಬ್ಬು ನೆರಳಾಗಿ ಆರಂಭಿಸಿ ಮೆಲ್ಲಗೆ ಪರದೆಗೆ ತನ್ನಿ.