ನಮ್ಮ ಮೇಷ್ಟ್ರಿಗೆ ಆನ್‌ಲೈನ್ ಪಾಠ ಮಾಡೋದು ಕಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಬಿ.ಎಡ್ ವಿದ್ಯಾರ್ಥಿನಿ, ಹಾವೇರಿ:
ನಮ್ಮೂರ ಹೈಸ್ಕೂಲಿನ ಗಣಿತ ಮೇಷ್ಟ್ರು 28 ವರ್ಷ ಬೋರ್ಡಿನ ಮೇಲೆ ಪಾಠ ಮಾಡಿದವರು. ಗೂಗಲ್ ಮೀಟ್ ತೆರೆದರೆ ಕೈ ನಡುಗುತ್ತದೆ ಅಂತಾರೆ. ನಾನು, ನನ್ನ ಗೆಳತಿ ಹೋಗಿ ಹೇಳಿಕೊಡೋಣ ಅಂತಿದ್ದೇವೆ. ಅವರಿಗೆ ಬೇಜಾರಾಗಬಾರದು, ಅದೇ ಚಿಂತೆ.

ಎಂ.ಎಸ್ಸಿ ವಿದ್ಯಾರ್ಥಿ, ಧಾರವಾಡ:
ಫೋನು ಅವರ ಕೈಯಲ್ಲೇ ಇರಲಿ, ನೀವು ಒತ್ತಬೇಡಿ. 2020ರ ಲಾಕ್‌ಡೌನಿನಲ್ಲಿ ನಮ್ಮ ಮೇಡಂಗೆ ನಾನೇ ಎಲ್ಲ ಒತ್ತಿ ತೋರಿಸಿದೆ, ಮರುದಿನ ಅವರಿಗೆ ಒಂದೂ ನೆನಪಿರಲಿಲ್ಲ. ಗಣಿತ ಅಂದಿರಲ್ವಾ? ಎರಡು ಸ್ಟೀಲ್ ಡಬ್ಬಿ ಇಟ್ಟು, ಮೇಲೆ ಎರಡು ಸ್ಕೇಲು ಅಡ್ಡ ಹಾಕಿ, ಕೆಳಗಿನ ಹಾಳೆ ಕ್ಯಾಮೆರಾಗೆ ಕಾಣುವ ಹಾಗೆ ಅವುಗಳ ಮೇಲೆ ಫೋನ್ ಇಡಿ. ಅವರು ಹಾಳೆ ಮೇಲೆ ಲೆಕ್ಕ ಬಿಡಿಸುತ್ತಾ ಹೋಗಲಿ, ಬೋರ್ಡಿನ ಮುಂದೆ ನಿಂತ ಹಾಗೇ ಮಾತು ತಾನಾಗಿ ಬರುತ್ತದೆ.

ಶಿಕ್ಷಕಿ, ಕೊಪ್ಪಳ:
ಲೈವ್ ಕ್ಲಾಸಿಗೇ ಜಾಸ್ತಿ ಒತ್ತು ಕೊಡಬೇಡಿ ಕಣಮ್ಮ. ನಮ್ಮ ಮಕ್ಕಳ ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗಿ ಸಂಜೆ ಬರುತ್ತದೆ. ಐದು ನಿಮಿಷದ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಲು ಕಲಿಸಿ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡುವುದನ್ನೂ ತೋರಿಸಿ.

ಬಿ.ಎಡ್ ವಿದ್ಯಾರ್ಥಿನಿ, ಹಾವೇರಿ:
ತುಂಬಾ ಥ್ಯಾಂಕ್ಸ್ ಮೇಡಂ. ಶನಿವಾರ ಡಬ್ಬಿ, ಸ್ಕೇಲು ಹಿಡಿದೇ ಹೋಗ್ತೀವಿ.