ಹೊಸ ಟೈಲರ್‌ಗಳು ನಿಜವಾಗಿ ಕಲಿತರಾ ಅಂತ ಅಳೆಯುವುದು ಹೇಗೆ?

ಪ್ರಶ್ನೆ (ಲೈನ್ ಸೂಪರ್‌ವೈಸರ್, ಪೀಣ್ಯ):
ಗಾರ್ಮೆಂಟ್ಸ್‌ನಲ್ಲಿ ಹೊಸ ಹುಡುಗಿಯರನ್ನು ಲೈನಿನಲ್ಲೇ ಕೂರಿಸಿ ಕಾಲರ್ ಟಾಪ್ ಸ್ಟಿಚ್ (ಕಾಲರ್ ಅಂಚಿನ ಮೇಲೆ ಕಾಣುವ ಹೊಲಿಗೆ) ಕಲಿಸುತ್ತೇನೆ. ಕೊನೆಗೆ ಒಂದು ಫಾರಂ ಕೊಡುತ್ತೇವೆ. ಎಲ್ಲರೂ ‘ಚೆನ್ನಾಗಿತ್ತು’ ಅಂತಲೇ ಬರೆಯುತ್ತಾರೆ. ಮೂರು ವಾರ ಕಳೆದರೆ ಅದೇ ಸುಕ್ಕು, ಅದೇ ಆಲ್ಟರೇಷನ್. ಮನಸ್ಸಿಗೆ ಬೇಜಾರಾಗುತ್ತದೆ.

ಉತ್ತರ 1:
ಫಾರಂನಿಂದ ಇಷ್ಟವಾಯಿತಾ ಅನ್ನುವುದು ಮಾತ್ರ ಗೊತ್ತಾಗುತ್ತದೆ. ತರಬೇತಿಯನ್ನು ನಾಲ್ಕು ಹಂತಗಳಲ್ಲಿ ಅಳೆಯಬೇಕು ಎಂದ ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959-60ರಲ್ಲೇ ಇದರ ಮುಂದಿನ ಮೂರು ಹಂತಗಳನ್ನೂ ಹೇಳಿದ್ದರು: ಕಲಿತರಾ, ಕೆಲಸದಲ್ಲಿ ಬಳಸುತ್ತಾರಾ, ಫಲ ಬಂತಾ.

ಉತ್ತರ 2:
ಅಕ್ಕ, ಲೆಕ್ಕ ಹಾಕಿ. ಆ ಕೆಲಸದ ಎಸ್‌ಎಎಂ (ಒಂದು ಪೀಸಿಗೆ ನಿಗದಿ ಮಾಡಿದ ಸಮಯ) 0.6 ನಿಮಿಷ ಅಂದುಕೊಳ್ಳಿ. 480 ನಿಮಿಷದ ಶಿಫ್ಟ್‌ಗೆ 800 ಪೀಸ್. ಹೊಸ ಹುಡುಗಿ 400 ಹೊಲಿದರೆ ಎಫಿಷಿಯನ್ಸಿ 50%. ಮೊದಲ ದಿನವೇ ಅಳೆದಿಡಿ, ಇಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ? 100 ಪೀಸಿಗೆ ಎಷ್ಟು ಡಿಫೆಕ್ಟ್ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಟಾರ್ಗೆಟ್ ಒತ್ತಡದಲ್ಲಿ ಪೀಸ್ ಜಾಸ್ತಿಯಾಗಿ ಹೊಲಿಗೆ ಕೆಡುವುದುಂಟು.

ಪ್ರಶ್ನೆ ಕೇಳಿದವರು:
ಹೌದಲ್ವಾ! ಮೊದಲ ದಿನದ ಅಂಕಿ ನಾನು ಬರೆದೇ ಇಲ್ಲ. ಸೋಮವಾರ ಆರು ಜನ ಬರುತ್ತಿದ್ದಾರೆ, ಅವರಿಂದಲೇ ಶುರು ಮಾಡುತ್ತೇನೆ. ನಡುವೆ ಸ್ಟೈಲ್ ಬದಲಾದರೆ?

ಉತ್ತರ 2:
ಎಸ್‌ಎಎಂ ಬದಲಾಗುತ್ತದೆ ಅಕ್ಕ. ಹಾಗಾಗಿ ಪೀಸ್ ಎಣಿಕೆ ಬಿಡಿ, ಎಫಿಷಿಯನ್ಸಿಯನ್ನೇ ಹೋಲಿಸಿ. ಹೊಸ ಸ್ಟೈಲಿನ ಮೊದಲ ಎರಡು ಮೂರು ದಿನ ಎಲ್ಲರದ್ದೂ ಇಳಿಯುತ್ತದೆ, ಅದಕ್ಕೆ ಹುಡುಗಿಯರನ್ನು ಬೈಯಬೇಡಿ.