ಒಂದೆಕರೆ ಅಡಿಕೆ ತೋಟ: ಪಿತ್ರಾರ್ಜಿತದ ಬಲವೋ, ಬೆವರಿನ ಬಲವೋ?

ಪ್ರಶ್ನೆ: ಸೋಂದಾ ಕಡೆಯವ
ಶಿರಸಿ ಸೀಮೆಯಲ್ಲಿ ಮೈಮುರಿದು ದುಡಿದರೆ ತೋಟ ಕೈಬಿಡುವುದಿಲ್ಲ ಅನ್ನುತ್ತಾರೆ. ಒಂದೇ ಹಳ್ಳ, ಒಂದೇ ಮಣ್ಣು ಅಂದುಕೊಳ್ಳಿ. ಈಚೆ ದಡದ ಒಂದೆಕರೆಗೆ ಪಹಣಿ ಇದೆ, ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡು, ಅಂದರೆ ಸೊಪ್ಪಿನ ಬೆಟ್ಟವೂ ಇದೆ. ಆಚೆ ದಡದ್ದು ಪಹಣಿಯಿಲ್ಲದ ಅರಣ್ಯ ಅತಿಕ್ರಮಣದ ಜಾಗ. ಇಬ್ಬರೂ ಸಮಸಮ ದುಡಿದರೆ ಇಪ್ಪತ್ತು ವರ್ಷಕ್ಕೆ ಸಮ ಆಗುತ್ತಾರಾ? ಲೆಕ್ಕ ಗೊತ್ತಿದ್ದವರು ಬಿಡಿಸಿ ಹೇಳಿ.

ಉತ್ತರ: ಕೊನೆಕೊಯ್ಲು
ಆಗುವುದಿಲ್ಲ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಸಸಿ. ಮೊದಲ ಸಿಂಗಾರ (ಹೂಗೊಂಚಲು) ಕಾಣಲಿಕ್ಕೇ ಐದಾರು ವರ್ಷ, ತುಂಬು ಫಸಲಿಗೆ ಹತ್ತರ ಹತ್ತಿರ. ಅಲ್ಲಿಯವರೆಗೆ ಮನೆ ನಡೆಯುವುದು ಯಾವ ದುಡ್ಡಿನಲ್ಲಿ? ಪಹಣಿ ಇದ್ದವರಿಗೆ ಸೊಸೈಟಿಯ ಬೆಳೆಸಾಲ, ಬೆಳೆ ವಿಮೆ ಉಂಟು. ಇಲ್ಲದವರು ಕೂಲಿಗೆ ಹೋಗಬೇಕು, ಅದೂ ತಮ್ಮ ತೋಟಕ್ಕೆ ಮಣ್ಣು ಗೊಬ್ಬರ ಹಾಕಬೇಕಾದ ದಿನಗಳಲ್ಲೇ. ಬೆಟ್ಟವನ್ನೂ ಮರೆಯಬೇಡಿ. ಬ್ರಿಟಿಷರ ಕಾಲದಿಂದ ಘಟ್ಟದ ಮೇಲೆ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟಿದ್ದಾರೆ. ಸೊಪ್ಪು, ದರಕು (ಒಣ ಎಲೆ) ಅಲ್ಲಿಂದಲೇ. ಅದು ಅಜ್ಜನ ಕಾಲದ ಬಂಡವಾಳ, ಈಗಿನವರ ಬೆವರಿನ ಲೆಕ್ಕಕ್ಕೆ ಬರುವುದಿಲ್ಲ.

ಉತ್ತರ: ಮೈಲುತುತ್ತ
ಒಪ್ಪಿದೆ, ಆದರೆ ದುಡಿಮೆಯನ್ನು ಅಷ್ಟು ಹಗುರ ಮಾಡಬೇಡಿ. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆ ರೋಗ ಪಹಣಿ ನೋಡಿ ಬರುವುದಿಲ್ಲ. ಅದಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ. 50 ಲೀಟರಿನಲ್ಲಿ, ಸುಣ್ಣ 1 ಕೆ.ಜಿ. ಇನ್ನೊಂದು 50 ಲೀಟರಿನಲ್ಲಿ, ಎರಡೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ನೋಡಿ: ಕೆಂಪು ಹತ್ತಿದರೆ ಸುಣ್ಣ ಸಾಲದು, ಎಳೆಗಾಯಿ ಸುಡುತ್ತದೆ. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಕ್ಕೆ ಇನ್ನೊಂದು ಸಲ. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು. ಇದರಲ್ಲಿ ಆಲಸ್ಯ ಮಾಡಿದರೆ ಎಂಥ ಪಿತ್ರಾರ್ಜಿತ ತೋಟದಲ್ಲೂ ಹಸಿ ಕಾಯಿ ಬುಡಕ್ಕೆ ಹಾಸಿ ಬೀಳುತ್ತದೆ.

ಹಾಗಂತ ಆಷಾಢದಲ್ಲಿ ಎರಡು ದಿನ ಬಿಸಿಲು ಬಿದ್ದಾಗ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರು ಮೊದಲು ಯಾರ ತೋಟಕ್ಕೆ ಬರುತ್ತಾರೆ? ಮುಂಗಡ ಕೊಟ್ಟವರ ತೋಟಕ್ಕೆ. ಮರ ಹತ್ತಲು ಬಾರದ ಬಡವರ ದ್ರಾವಣ ಡ್ರಮ್ಮಿನಲ್ಲೇ ಉಳಿಯುತ್ತದೆ.

ಉತ್ತರ: ಕುಮಟಾ ಕಚೇರಿ ರಸ್ತೆ
ಆಚೆ ದಡದವರ ಅರಣ್ಯ ಹಕ್ಕಿನ ಅರ್ಜಿ ಏನಾಯಿತು? 2006ರ ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 13-12-2005ಕ್ಕೆ ಮೊದಲಿನ ಅನುಭೋಗ ತೋರಿಸಿದರೆ ಸಾಕು. ಉಳಿದವರು ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ನಮ್ಮ ಜಿಲ್ಲೆಯ ಸಿದ್ದಿಗಳು 2003ರಲ್ಲಿ ಪಂಗಡದ ಪಟ್ಟಿಗೆ ಸೇರಿದರು, ಹಾಲಕ್ಕಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಒಂದೇ ಕಾಡು ಸವರಿದ ಇಬ್ಬರಿಗೆ ಎರಡು ಅಳತೆ.

ಒಂದೇ ದಾಖಲೆ ನೆಚ್ಚಿಕೊಳ್ಳಬೇಡಿ, ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಹಳೆಯ ಬಾವಿ, ಸ್ಮಶಾನ, ಕಟ್ಟಿದ ಒಡ್ಡು ಎಲ್ಲವೂ ನಡೆಯುತ್ತವೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆ ಬರೆಸಿಟ್ಟರೆ ಅದೂ ಸಾಕ್ಷ್ಯವೇ. ಗ್ರಾಮಸಭೆ ತಳ್ಳಿಹಾಕಿದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಹೋಗಬೇಕು.

ಸೋಂದಾ ಕಡೆಯವ
ಹಿರಿಯರ ಹೇಳಿಕೆ ನಡೆಯುತ್ತದೆ ಅನ್ನುವುದು ಗೊತ್ತಿರಲಿಲ್ಲ. ಆಚೆ ಕೇರಿಯಲ್ಲಿ ತೊಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ನೆನಪು ಗಟ್ಟಿಯಿದೆ. ಮಳೆಗಾಲಕ್ಕೆ ಮೊದಲೇ ಬರೆಸಿಬಿಡಬೇಕು.